ಹೊಳೆ ದಂಡೆಯ ನಾಲ್ಕು ಟೆಂಟು

ಕಾಡಿನೊಳಗಿನ ಸರ್ಕಾರಿ ಕ್ಯಾಂಪಿನಲ್ಲಿ ಇದ್ದದ್ದು ನಾಲ್ಕೇ ಟೆಂಟು. ಆನ್‌ಲೈನ್ ಬುಕಿಂಗ್ ಶುರುವಾದ ಕೂಡಲೇ ದಲ್ಲಾಳಿ ನಾಲ್ಕನ್ನೂ ತನ್ನವರ ಹೆಸರಲ್ಲಿ ಬಾಚಿಕೊಳ್ಳುತ್ತಿದ್ದ. ಗಿರಾಕಿ ಸಿಕ್ಕಾಗ ಅದನ್ನು ಕ್ಯಾನ್ಸಲ್ ಮಾಡಿ, ಮರುಕ್ಷಣವೇ ಗಿರಾಕಿಯ ಹೆಸರಲ್ಲಿ ಬುಕ್ ಮಾಡುವುದು ಅವನ ದಂಧೆ.

ಹೋದ ವರ್ಷ ಒಬ್ಬ ಹುಡುಗಿಯ ಅಪ್ಪನಿಗೆ ಟೆಂಟು ಮಾರಿದಾಗ ಈ ದಲ್ಲಾಳಿ ಹೆಸರು ಬದಲಿಸುವ ಗೋಜಿಗೇ ಹೋಗಿರಲಿಲ್ಲ. ಗುರುತಿನ ಚೀಟಿ ನೋಡಿದ ಗೇಟಿನವರು ಒಳಗೆ ಬಿಡಲಿಲ್ಲ. ಹೊಳೆಯ ದಡದಲ್ಲಿ ಒಂದು ರಾತ್ರಿ ಮಲಗಬೇಕೆಂಬ ಆಸೆ ಹಾಗೇ ಉಳಿದು, ಅಪ್ಪ ತೀರಿಕೊಂಡರು.

ಈಗ ಆ ಹುಡುಗಿ ಲ್ಯಾಪ್‌ಟಾಪ್‌ನಲ್ಲಿ ಬುಕಿಂಗ್ ಪುಟ ತೆರೆದಿಟ್ಟುಕೊಂಡು ಅದೇ ದಲ್ಲಾಳಿಗೆ ಫೋನ್ ಮಾಡಿದಳು.

“ನಾಲ್ಕೂ ಟೆಂಟು ನಂಗೆ ಬೇಕು. ಡಬಲ್ ಕೊಡ್ತೀನಿ.”

“ಕಾರ್ಪೊರೇಟರ್‌ಗೆ ಮಾತು ಕೊಟ್ಟುಬಿಟ್ಟಿದೀನಲ್ಲ ಮೇಡಂ... ಆಗ್ಲಿ ಬಿಡಿ, ಅವನಿಗೆ ಏನೋ ಒಂದು ಸುಳ್ಳು ಹೇಳ್ತೀನಿ. ಹಾಂ, ಕ್ಯಾನ್ಸಲ್ ಮಾಡ್ದೆ. ನಿಮ್ಮ ಹೆಸರು ಹೇಳಿ, ಬೇಗ.”

ಪರದೆಯ ಮೇಲೆ ಹೆಸರು, ವಿವರ ಎಲ್ಲ ತುಂಬಿಟ್ಟುಕೊಂಡು ಕಾಯುತ್ತಿದ್ದವಳು ಬುಕಿಂಗ್ ಗುಂಡಿ ಒತ್ತಿದಳು.

“ಹಲೋ! ಹೆಸರು ಹೇಳ್ರೀ! ಅಯ್ಯೋ, ಫುಲ್ ಅಂತ ಬಂತಲ್ಲ! ಆ ಕಾರ್ಪೊರೇಟರ್ ನನ್ನ ಚರ್ಮ ಸುಲೀತಾನೆ. ಯಾವನ್ರೀ ಅವನು, ನಾಲ್ಕೂ ತಗೊಂಡೋನು?”

“ನಮ್ಮಪ್ಪ. ಈ ಸಲ ಅವರ ಹೆಸರಲ್ಲೇ ಇದೆ.”