ಲೋಟದ ತಳದ ಹಸಿರು

ಅತ್ತಿಗೆ ಬಟ್ಟೆ ಹರವಲು ಮಹಡಿ ಹತ್ತಿದ್ದೇ ತಡ, ತಂಗಿ ಅಣ್ಣ ಕುಡಿದಿಟ್ಟ ಲೋಟವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ತಳದಲ್ಲಿ ಚಮಚದಷ್ಟು ಸೇಬಿನ ರಸ ಉಳಿದಿತ್ತು. ಸೀಸೆಯಿಂದ ಎರಡು ಹನಿ ಬಿಟ್ಟಳು. ದೀಪ ಆರಿಸಿ, ಪೆನ್ನಿನಷ್ಟು ದಪ್ಪದ, ನೇರಳೆ ಬೆಳಕಿನ ಟಾರ್ಚ್ ಹಿಡಿದಳು.

ಹಸಿರು. ಕತ್ತಲಲ್ಲಿ ಬೆಕ್ಕು ಕಣ್ಣು ಬಿಟ್ಟಂತೆ, ದಟ್ಟ ಹಸಿರು.

ಆರು ವರ್ಷ ಪರವೂರಿನಲ್ಲಿದ್ದು ಅವಳು ತಯಾರಿಸಿದ್ದು ಈ ಹನಿಯನ್ನೇ. ಕ್ಯಾಡ್ಮಿಯಂ ಎಂಬ ವಿಷಲೋಹ ನೀರಿನಲ್ಲಿ ಕಣದಷ್ಟಿದ್ದರೂ ಸಾಕು, ಹನಿ ಅದನ್ನು ಹಿಡಿದು ಹೊಳೆಯುತ್ತಿತ್ತು. ಒಂದೇ ಕೊರತೆ. ಅದೇ ಮನೆತನದ ಸತುವನ್ನು ಕಂಡರೂ ಹೊಳೆದುಬಿಡುತ್ತಿತ್ತು. "ನಿನ್ನ ಹನಿಗೆ ಅಣ್ಣ ಯಾರು, ತಮ್ಮ ಯಾರು ಅಂತ ಇನ್ನೂ ಗುರುತು ಸಿಗಲ್ಲ," ಎಂದು ಅವಳ ಮಾರ್ಗದರ್ಶಕರು ಛೇಡಿಸುತ್ತಿದ್ದರು. ಅದನ್ನು ಮುಂದೆ ಸರಿಪಡಿಸಿದರಾಯಿತು ಎಂದುಕೊಂಡಿದ್ದಳು. ಅಷ್ಟಕ್ಕೂ, ಕದ್ದುಮುಚ್ಚಿ ಯಾರಾದರೂ ಗಂಡನ ಲೋಟಕ್ಕೆ ಸತು ಬೆರೆಸುತ್ತಾರೆಯೇ?

ಓದು ಮುಗಿಸಿ ಮನೆಗೆ ಬಂದ ದಿನವೇ ಅವಳ ಕಣ್ಣು ಅಣ್ಣನ ಕೈಯ ಮೇಲೆ ನಿಂತಿತ್ತು. ಅಣ್ಣನದು ಕನ್ನಡಕದ ಅಂಗಡಿ. ಸಾಸಿವೆಯಷ್ಟು ಚಿಕ್ಕ ತಿರುಪನ್ನು ಮಾತಾಡುತ್ತಲೇ ಕೂರಿಸುತ್ತಿದ್ದ ಕೈ ಈಗ ಅನ್ನದ ತುತ್ತನ್ನೂ ಬಾಯಿಗೆ ಮುಟ್ಟಿಸಲಾರದೆ ನಡುಗುತ್ತಿತ್ತು. ಮಾತು ತೊದಲುತ್ತಿತ್ತು. ಎಲ್ಲರ ಮೇಲೂ ಗುಮಾನಿ. ಡಾಕ್ಟರ್ ಎಂದರೆ ಸಾಕು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ.

"ಏನಾಗಿದೆ ಅತ್ತಿಗೆ ಅಣ್ಣನಿಗೆ?"

"ಏನೋ ನರದ ತೊಂದರೆ." ಅತ್ತಿಗೆ ಮುಖ ತಿರುಗಿಸಿದಳು. "ಅವರ ಮುಂದೆ ಮಾತ್ರ ಈ ವಿಷಯ ಎತ್ತಬೇಡ, ದಮ್ಮಯ್ಯ."

ಮೂರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲ ಸಂದಿಯಿಂದ ತಂಗಿಗೆ ಕಂಡಿತು. ಉಪ್ಪಿನ ಭರಣಿಯ ಹಿಂದಿನಿಂದ ಪುಟ್ಟ ಡಬ್ಬಿ ಹೊರಬಂತು. ಅರ್ಧ ಚಮಚ ಬಿಳಿ ಪುಡಿ ರಸಕ್ಕೆ ಬಿತ್ತು. ಅತ್ತಿಗೆ ಕದಡಿದಳು, ಚಮಚ ಒರೆಸಿದಳು, ಒಮ್ಮೆ ಹಿಂದೆ ತಿರುಗಿ ನೋಡಿದಳು.

"ನಾಳೆಯಿಂದ ರಸ ನಾನು ಮಾಡಿಕೊಡಲಾ ಅತ್ತಿಗೆ?"

"ಬೇಡ." ಉತ್ತರ ಥಟ್ಟನೆ ಬಂತು. "ಆ ಲೋಟ ನನ್ನ ಕೈಯಿಂದಲೇ ಹೋಗಬೇಕು."

ಅಣ್ಣನೂ ಅದನ್ನೇ ಹೇಳಿದ. "ಅವಳು ಕೊಟ್ರೆ ಮಾತ್ರ ಕುಡೀತೀನಿ. ಬೇರೆ ಯಾರನ್ನೂ ನಂಬಲ್ಲ." ನಕ್ಕಾಗ ಅವನ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ತಂಗಿ ಸೆರಗಿನಿಂದ ಒರೆಸಿದಳು.

ಲೋಟ ಹೊಳೆದ ದಿನವೇ ಅವಳು ಪೊಲೀಸ್ ಠಾಣೆಗೆ ಹೋದಳು. ಅಧಿಕಾರಿ ಸೀಸೆಯನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. "ಹನಿ ಹೊಳೀತು ಅಂತ ಒಬ್ಬ ಹೆಂಗಸನ್ನ ಹಿಡ್ಕೊಂಡು ಬರೋಕಾಗತ್ತೇನಮ್ಮ? ಲ್ಯಾಬಿನ ವರದಿ ತನ್ನಿ." ಸುತ್ತಮುತ್ತ ಇದ್ದ ಒಂದೇ ಲ್ಯಾಬಿನಲ್ಲಿ ವರದಿ ಕೊಡಬೇಕಾದ ದೊಡ್ಡ ಯಂತ್ರ ಕೆಟ್ಟು ಕೂತಿತ್ತು. ಬಿಡಿಭಾಗ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅಣ್ಣನಿಗೆ ಹೇಳೋಣವೆಂದರೆ, ಇರುವ ಒಂದೇ ನಂಬಿಕೆಯನ್ನೂ ಕಿತ್ತುಕೊಂಡಂತೆ. ಅತ್ತಿಗೆಯನ್ನೇ ಕೇಳಿದರೆ ಎಚ್ಚರಗೊಂಡು ಬೇರೆ ದಾರಿ ಹಿಡಿದಾಳು.

ಉಳಿದದ್ದು ಒಂದೇ ಉಪಾಯ. ಅತ್ತಿಗೆ ಅಂಗಡಿಗೆ ಹೋದಾಗ ಡಬ್ಬಿಯ ಪುಡಿಯನ್ನು ಬೇರೆ ಸೀಸೆಗೆ ಸುರಿದು, ಗ್ಲೂಕೋಸ್ ತುಂಬಿ ಮೊದಲಿದ್ದಂತೆಯೇ ಇಟ್ಟಳು.

ಮರುದಿನ ಲೋಟ ಹೊಳೆಯಲಿಲ್ಲ. ಬಚ್ಚಲ ಕತ್ತಲಲ್ಲಿ ಕೂತು ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಉಳಿದ.

ಆದರೆ ಅಣ್ಣ ಚೇತರಿಸಿಕೊಳ್ಳಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ನಡುಕ ಭುಜಕ್ಕೇರಿತು. ಒಳಗೆ ಸೇರಿದ ಕ್ಯಾಡ್ಮಿಯಂ ಹೊರಹೋಗಲು ವರ್ಷಗಳೇ ಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ತಡೆಯಲಾಗದೆ ನೀರು, ಉಪ್ಪು, ಹಲ್ಲುಜ್ಜುವ ಪೇಸ್ಟ್, ಪಾತ್ರೆ ತೊಳೆದ ನೀರು, ಎಲ್ಲಕ್ಕೂ ಹನಿ ಬಿಟ್ಟು ನೋಡಿದಳು. ಎಲ್ಲವೂ ಕಪ್ಪು. ಡಬ್ಬಿಗೆ ಹೊಸ ಪುಡಿ ಬಂದಾಗಲೆಲ್ಲ ಮರೆಯದೆ ಬದಲಾಯಿಸಿದಳು.

ಒಂದು ಬೆಳಿಗ್ಗೆ ಅತ್ತಿಗೆ ಅರ್ಧ ಚಮಚದ ಬದಲು ಒಂದು ಚಮಚ ಹಾಕುವುದನ್ನು ಕಂಡಳು. ಹಾಕುವಾಗ ಅವಳ ತುಟಿ ಅದುರುತ್ತಿತ್ತು. ತಂಗಿಗೆ ಮೈಯೆಲ್ಲ ಉರಿಯಿತು. ಇಷ್ಟು ಅವಸರವೇ ಇವಳಿಗೆ?

ನಾಲ್ಕನೆಯ ತಿಂಗಳು ಅಣ್ಣನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯ ಮೇಲೆಯೇ ಕುಸಿದುಬಿದ್ದ.

ಆಸ್ಪತ್ರೆಯ ಪಡಸಾಲೆಯಲ್ಲಿ ಇಬ್ಬರು ಹೆಂಗಸರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಹಿರಿಯ ವೈದ್ಯೆ ಹೊರಬಂದು, ಹಳೆಯ ಪರಿಚಯದವರಂತೆ ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟರು.

"ಲಿವರ್ ಪೂರ್ತಿ ಹೋಗಿದೆಯಮ್ಮ. ಇನ್ನು ನಮ್ಮ ಕೈಲಿ ಏನೂ ಇಲ್ಲ. ನಿಜ ಹೇಳು, ಔಷಧಿ ನಿಲ್ಲಿಸಿಬಿಟ್ಟಿದ್ದೆಯಾ?"

"ಏಳು ವರ್ಷದಲ್ಲಿ ಒಂದು ಬೆಳಗೂ ತಪ್ಪಿಸಿಲ್ಲ ಡಾಕ್ಟ್ರೇ. ಮಾತ್ರೆ ಅಂದ್ರೆ ಉಗೀತಿದ್ರು. ಅದಕ್ಕೇ ನೀವು ಬರೆದುಕೊಟ್ಟ ಆ ಸತುವಿನ ಪುಡಿನ ರಸದಲ್ಲಿ ಕದಡಿ, ಗೊತ್ತಾಗದ ಹಾಗೆ ಕುಡಿಸ್ತಿದ್ದೆ. ಈಚೆಗೆ ಜಾಸ್ತಿ ಆದಾಗ ನಿಮ್ಮನ್ನ ಕೇಳಿ ಎರಡರಷ್ಟು ಹಾಕಿದೆ."

"ಹಾಗಿದ್ರೆ ಮೈಯಲ್ಲಿ ತಾಮ್ರ ಇಷ್ಟೊಂದು ಸೇರಬಾರದಿತ್ತು. ಅದನ್ನ ಹೊರಹಾಕೋ ಶಕ್ತಿ ಇವರಿಗೆ ಹುಟ್ಟಿನಿಂದಲೇ ಇಲ್ಲ. ಇಷ್ಟು ದಿನ ಅದನ್ನ ತಡೆದು ಇವರನ್ನ ಉಳಿಸಿದ್ದೇ ಸತು."

ವೈದ್ಯೆ ಒಳಗೆ ಹೋದರು. ಅತ್ತಿಗೆ ಬೆಂಚಿನ ಮೇಲೆ ಸರಿದು ತಂಗಿಯ ಎರಡೂ ಕೈ ಹಿಡಿದುಕೊಂಡಳು.

"ರಕ್ತಸಂಬಂಧದಲ್ಲಿ ಬರೋ ಕಾಯಿಲೆ, ತಂಗಿ ಹೆದರ್ತಾಳೆ, ಹೇಳಬೇಡ ಅಂತ ನಿಮ್ಮಣ್ಣ ಆಣೆ ಹಾಕಿಸಿಕೊಂಡಿದ್ರು ಕಣೇ. ನೀನು ಓದಿದವಳು, ಇದನ್ನೆಲ್ಲ ಬಲ್ಲವಳು. ನೀನಾದ್ರೂ ಹೇಳು, ನಾನು ಎಲ್ಲಿ ತಪ್ಪಿದೆ?"