ಗೇಟಿನೆದುರಿನ ಶಾಟ್

"ಇಲ್ಲಿ ಕ್ಯಾಮೆರಾ ಇಡೋ ಹಾಗಿಲ್ಲ, ಎತ್ಕೊಂಡು ಹೋಗಮ್ಮ!" ಬಟ್ಟೆ ಕಾರ್ಖಾನೆಯ ಸೂಪರ್‌ವೈಸರ್ ಅಂಗೈಯಿಂದ ಲೆನ್ಸ್ ಮುಚ್ಚಿದ. ಕಾಲೇಜಿನ ಕಿರುಚಿತ್ರಕ್ಕೆ ಜಾಗ ನೋಡಲು ಬಂದಿದ್ದ ಹುಡುಗಿ ಟ್ರೈಪಾಡನ್ನು ರಸ್ತೆಯ ಆಚೆ ಬದಿಗೆ ಒಯ್ದು ಊರಿದಳು. "ರಸ್ತೆ ನಿಮ್ಮಪ್ಪಂದಲ್ವಲ್ಲ ಸಾರ್?"

ಪಕ್ಕದಲ್ಲಿ ಅವಳ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಕಾರ್ಮಿಕರ ಸಂಘ ಕಟ್ಟಿದಳೆಂದು ಇದೇ ಗೇಟಿನಿಂದ ಅವಳನ್ನು ಹೊರದಬ್ಬಿದ್ದರು. ಚಿತ್ರ ಅದರದ್ದೇ ಕತೆ. ಬೆನ್ನು ಮಾತ್ರ ಕಾಣಬೇಕು, ಮುಖ ಬೇಡವೆಂಬ ಷರತ್ತಿನ ಮೇಲೆ ಅಕ್ಕ ನಟಿಸಲು ಒಪ್ಪಿದ್ದಳು.

"ಓಹೋ, ಇವಳಾ?" ಸೂಪರ್‌ವೈಸರ್ ಗೇಟಿನಿಂದಲೇ ನಕ್ಕ. "ಅವತ್ತು ಬಾಲ ಮುದುರ್ಕೊಂಡು ಓಡಿದವಳು ಇವತ್ತು ಹೀರೋಯಿನ್ನಾ?"

ಅಕ್ಕ ಸರಸರನೆ ರಸ್ತೆ ದಾಟಿ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು, ಕ್ಯಾಮೆರಾದತ್ತ ತಿರುಗಿ ತಲೆಯೆತ್ತಿದಳು.

"ನನ್ನ ಮುಖ ಸರಿಯಾಗಿ ಬರ್ತಿದೆಯೇನೇ? ಚೂರು ಹಿಂದೆ ಸರಿದು ತೆಗಿ, ಇವರದ್ದೂ ಬರಲಿ."