ಗುಡ್ಡದ ಮೇಲಿನ ಕಾರು

ಕಣಿವೆಗೆ ಬಿದ್ದ ಚಾರಣಿಗನನ್ನು ಹುಡುಕಲು ಇಳಿಯುವ ಮುನ್ನ, ಹ್ಯಾಮ್ ರೇಡಿಯೋ ಹವ್ಯಾಸಿ ಸುದರ್ಶನ ತನ್ನ ಕಾರನ್ನು ಗುಡ್ಡದ ತುದಿಯಲ್ಲಿ ನಿಲ್ಲಿಸಿದ. ಕಣಿವೆಯಿಂದ ತಪ್ಪಲಿಗೆ ನೇರ ತಲುಪದ ಅವನ ವಾಕಿಟಾಕಿ ಕೈಸೆಟ್ಟಿನ ಮಾತನ್ನು ಕಾರಿನ ರೇಡಿಯೋ ಒಂದು ಬ್ಯಾಂಡಿನಲ್ಲಿ ಕೇಳಿ, ಇನ್ನೊಂದರಲ್ಲಿ ತಪ್ಪಲಿನ ವೈದ್ಯರಿಗೆ ದಾಟಿಸಬೇಕಿತ್ತು.

“ಗಾಡಿ ನೋಡ್ಕೊಳ್ಳಿ ಚೆಲುವಣ್ಣ,” ಎಂದು ಅಲ್ಲಿನ ಕಾವಲುಗಾರನಿಗೆ ಹೇಳಿ ಜೊತೆಗಾರರೊಂದಿಗೆ ಇಳಿದ.

ಚಾರಣಿಗ ಸಿಕ್ಕಿದ; ಜೀವವಿತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ.

“ಡಾಕ್ಟರೇ, ಹೊಳೆ ಕಡೆಯಿಂದ ಬೇಗ ಬನ್ನಿ!” ಎಂದು ಸುದರ್ಶನ ಕೈಸೆಟ್ಟಿನಲ್ಲಿ ಕೂಗಿದ.

ಸಂಜೆ ಜೊತೆಗಾರರೊಂದಿಗೆ ಚಾರಣಿಗನ ಹೆಣ ಹೊತ್ತು ಹತ್ತಿ ಬಂದಾಗ, ಚೆಲುವಣ್ಣ ಬಿಸಿ ಕಾಫಿ ಹಿಡಿದು ಎದುರು ಬಂದ.

“ಎರಡು ಗಂಟೆ ಕೂಗಿದೆ ಚೆಲುವಣ್ಣ. ಯಾರೂ ಓಗೊಡಲಿಲ್ಲ.”

“ಅಯ್ಯೋ ಪಾಪ! ಮೊದ್ಲು ಕುಡೀರಿ ಸಾ. ನಿಮ್ ಗಾಡಿ ಜೋಪಾನವಾಗೈತೆ. ರೇಡಿಯೋ ಆರ್ಸೋದು ಮರ್ತಿದ್ರಿ. ಬ್ಯಾಟ್ರಿ ಇಳಿದೀತು ಅಂತ ನೀವು ಇಳಿದಾಗ್ಲೇ ನಾನೇ ಆರ್ಸಿಟ್ಟೆ.”